ಅಡ್ಡ ನಿಂತ ಕವಡೆ: ಒಂದು ಅಪಾರ್ಟ್‌ಮೆಂಟಿನ ಬೇಸಿಗೆ

ಇದು ನಡೆದದ್ದು ಬನಶಂಕರಿ ಮೂರನೇ ಹಂತದ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, 2024ರ ಬೇಸಿಗೆಯಲ್ಲಿ. ನಾಲ್ಕು ಮಹಡಿ, 42 ಮನೆ, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ (ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ), ಹಿಂಬದಿಯಲ್ಲಿ ನಾಲ್ಕು ಜನ ಇಳಿದರೆ ತುಂಬಿಹೋಗುವ ಈಜುಕೊಳ. ಆ ವರ್ಷ ಸಂಘದ ಕಾರ್ಯದರ್ಶಿ ನಾನು. ಜನರಲ್ ಬಾಡಿಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರಿಗೆ ಬೇರೆ ಏನು ಕೆಲಸ ಅಂತ ಎಲ್ಲರೂ ಸೇರಿ ತೀರ್ಮಾನಿಸಿದರು.

ಹಳೆಯ ಆಟಗಳು ಮತ್ತೆ ಬಂದಿವೆ ಅಂತ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಚೌಕಾಬಾರದ ಬಟ್ಟೆ ಹಾಸು, ಮರದ ಅಳಗುಳಿಮನೆ, ಚನ್ನಪಟ್ಟಣದ ಬುಗುರಿ ಆನ್‌ಲೈನಿನಲ್ಲಿ ಮನೆ ಬಾಗಿಲಿಗೇ ಬರುತ್ತವೆ. ನಮ್ಮ ಕಟ್ಟಡಕ್ಕೂ ಬಂದವು. ಆದರೆ ಬಂದ ಬಗೆ ವಾಟ್ಸಾಪಿನಲ್ಲಿ ಹರಿದಾಡುವ ಕಥೆಗಳ ಹಾಗಿರಲಿಲ್ಲ. ಮೊದಲ ಒಂದು ತಿಂಗಳು ಅದಕ್ಕೆ ಅಡ್ಡಗಾಲು ಹಾಕಿದವನು ನಾನೇ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಹುಡುಗ ಮತ್ತು ರಾತ್ರಿ ಒಂಬತ್ತು ಗಂಟೆ

ಎರಡನೇ ಮಹಡಿಯ ಹುಡುಗನಿಗೆ ಆಗ ಹದಿಮೂರು ವರ್ಷ, ಎಂಟನೇ ಕ್ಲಾಸು ಮುಗಿಸಿದ್ದ. ಬಿಜಿಎಂಐ ಅನ್ನುವ, ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದ. ಗೊತ್ತಿಲ್ಲದವರಿಗೆ ಹೇಳುವುದಾದರೆ, 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲನ್ನು ಕೇಂದ್ರ ಸರಕಾರ ನಿಷೇಧಿಸಿತಲ್ಲ, 2021ರ ಜುಲೈನಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಭಾರತಕ್ಕೆ ಬಂತು. 2022ರಲ್ಲಿ ಮತ್ತೆ ಮಾಯವಾಗಿ 2023ರ ಮೇನಲ್ಲಿ ಮತ್ತೆ ಹಾಜರಾಯಿತು. ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಆಡದ ಹಾಗೆ ಕಟ್ಟುಪಾಡು ಇದೆ. ಈ ಹುಡುಗ ಅಮ್ಮನ ಲೆಕ್ಕದಲ್ಲಿ ಆಡುತ್ತಿದ್ದುದರಿಂದ ಆಟದ ಕಣ್ಣಿಗೆ ಅವನು ನಲವತ್ತರ ಹೆಂಗಸು.

ಅವನ ಮನೆಯ ಜಗಳ ಮೂರೂ ಮಹಡಿಗೆ ಕೇಳುತ್ತಿತ್ತು. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕರೆಯುವುದು, 'ಐದೇ ನಿಮಿಷ ಅಮ್ಮಾ' ಅನ್ನುವುದು, ಹದಿನೈದು ನಿಮಿಷಕ್ಕೆ ವೈಫೈ ಆರಿಸುವುದು, ಬಾಗಿಲು ಬಡಿಯುವುದು. ಒಂದು ದಿನ ಅವರಮ್ಮ ನನ್ನ ಹತ್ತಿರ ಬಂದು, 'ಮೇಷ್ಟ್ರೇ, ಇವನಿಗೆ ಇದು ಚಟವೇ ಆಗಿಬಿಟ್ಟಿದೆಯಾ? ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಲಾ?' ಅಂತ ಕೇಳಿದರು. ನಿಮ್ಹಾನ್ಸಿನಲ್ಲಿ 2014ರಿಂದಲೇ ಮೊಬೈಲು, ಆಟಗಳ ಅತಿಬಳಕೆಗೆ ಅಂತಲೇ ಷಟ್ ಕ್ಲಿನಿಕ್ ಅನ್ನುವ ವಿಭಾಗವಿದೆ, ಅದು ಅವರಿಗೆ ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಅಂದರೆ 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ, ಗೇಮಿಂಗ್ ಡಿಸಾರ್ಡರ್ ಅಂತ ಒಂದು ರೋಗವೇ ಇದೆ. ಅದಕ್ಕೆ ಮೂರು ಗುರುತು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದ್ದರೂ ಬಿಡದೆ ಇರುವುದು. ಸಾಮಾನ್ಯವಾಗಿ ಇದು ಒಂದು ವರ್ಷವಾದರೂ ಕಾಣಬೇಕು, ಓದು, ಮನೆ, ಸ್ನೇಹ ಎಲ್ಲಕ್ಕೂ ಪೆಟ್ಟು ಬಿದ್ದಿರಬೇಕು. ಇವನ ಓದು ಹೋಗಿರಲಿಲ್ಲ, ಗೆಳೆಯರಿದ್ದರು, ಊಟ ತಡವಾಗುತ್ತಿತ್ತೇ ಹೊರತು ನಿಂತಿರಲಿಲ್ಲ. ಅದನ್ನು ತೀರ್ಮಾನಿಸಲು ನಾನು ಡಾಕ್ಟರಲ್ಲ. ಅವರು ಹತ್ತಿರದ ಒಬ್ಬ ಕೌನ್ಸೆಲರ್ ಹತ್ತಿರ ಹೋದರು. ಕೌನ್ಸೆಲರ್ ಕೊಟ್ಟದ್ದು ಒಂದೇ ಕೆಲಸ: ಒಂದು ವಾರ ಎಷ್ಟು ಹೊತ್ತು ಆಡಿದ ಅಂತ ಬರೆಯಬೇಡಿ, ಜಗಳ ಯಾವಾಗ ಶುರುವಾಯಿತು ಅಂತ ಬರೆಯಿರಿ.

ಆ ನೋಟ್‌ಬುಕ್ ನನಗೂ ತೋರಿಸಿದರು. ಲೆಕ್ಕದ ಮೇಷ್ಟ್ರಿಗೆ ಅಂಕಿ ಸಿಕ್ಕರೆ ಕೇಳಬೇಕೇ. ಭಾನುವಾರ ಗಂಟೆಗಟ್ಟಲೆ ಆಡಿದ ದಿನ ಜಗಳವೇ ಇಲ್ಲ. ಮುಕ್ಕಾಲು ಗಂಟೆ ಆಡಿದ ದಿನ ರಣರಂಗ. ಹೊತ್ತಿಗೂ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಜಗಳವೆಲ್ಲ ಆಟದ ನಡುವೆ ಕರೆದಾಗ. ಆ ಆಟಕ್ಕೆ ನೂರು ಜನ ಒಟ್ಟಿಗೆ ಇಳಿಯುತ್ತಾರೆ, ಕೊನೆಯವರೆಗೆ ಉಳಿದರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ, ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಮಿಕ್ಕ ತೊಂಬತ್ತೊಂಬತ್ತು ಜನ ಕಾಯುವುದಿಲ್ಲ. ಎದ್ದುಹೋದರೆ ಜೊತೆಯ ಮೂವರು ಬೈಯುತ್ತಾರೆ, ರ‍್ಯಾಂಕು ಇಳಿಯುತ್ತದೆ. ಅವನ 'ಐದು ನಿಮಿಷ' ಸುಳ್ಳಾಗಿರಲಿಲ್ಲ, ಅವನ ಅಂದಾಜು ತಪ್ಪಾಗಿತ್ತು, ಅಷ್ಟೆ. ಕಬಡ್ಡಿ ಅಂಕಣದಲ್ಲಿ ರೈಡಿಗೆ ಹೋದವನನ್ನು ನಡುವೆ ಊಟಕ್ಕೆ ಕರೆದರೆ ಅವನೂ ಸಿಡಿಯುತ್ತಾನೆ.

ದೇಸಿ ಆಟದ ದಿನ

ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು? ಕಮಿಟಿಯಲ್ಲಿ 'ಮಕ್ಕಳನ್ನು ಮೊಬೈಲಿನಿಂದ ಬಿಡಿಸೋಣ' ಅಂತ ಒಂದು ನಿರ್ಣಯ ಮಾಡಿಸಿದೆ. ಯುಗಾದಿ ಕಳೆದ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, 'ದೇಸಿ ಆಟಗಳ ಉತ್ಸವ'. ಫ್ಲೆಕ್ಸ್ ಬ್ಯಾನರು, ಮೈಕು, ಪ್ಲಾಸ್ಟಿಕ್ ಬಿಲ್ಲೆಗಳ ರೆಡಿಮೇಡ್ ಲಗೋರಿ ಸೆಟ್ಟು, ಮಜ್ಜಿಗೆ, ಭಾಗವಹಿಸಿದ ಎಲ್ಲರಿಗೂ ಸರ್ಟಿಫಿಕೇಟು.

ಭಾಷಣ ನನ್ನದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ ಆಟಗಳ ದೊಡ್ಡ ಹುಚ್ಚಿನವರು, ತಾವೇ ಹೊಸ ಆಟಗಳನ್ನು ಕಟ್ಟಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟಗಳ ಚಿತ್ರಗಳಿವೆ, ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಅನ್ನುವ ಭಾಗದಲ್ಲಿ ಈ ಆಟಗಳ ವಿಷಯವಿದೆ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಅಂತ ಪ್ರದರ್ಶನ ಮಾಡಿ ಈ ಆಟಗಳಿಗೆ ಜೀವ ಕೊಡುತ್ತಿದ್ದಾರೆ ಅಂತೆಲ್ಲ ಹೇಳಿದೆ. ಎಲ್ಲ ನಿಜವೇ. ಹತ್ತು ವರ್ಷದ ಹುಡುಗನೊಬ್ಬ ಆಕಳಿಸಿದ್ದೂ ನಿಜ.

ಲಗೋರಿ ಒಂದು ಸುತ್ತು ನಡೆಯಿತು. ಚೆಂಡು ಬೆನ್ನಿಗೆ ಬಿತ್ತೋ ಇಲ್ಲವೋ ಅಂತ ಮಕ್ಕಳಲ್ಲಿ ಮಾತು ಬೆಳೆದ ಕೂಡಲೇ ನಾನು ಮೈಕಿನಲ್ಲಿ 'ಜಗಳ ಬೇಡ, ಔಟ್' ಅಂತ ತೀರ್ಪು ಕೊಟ್ಟುಬಿಟ್ಟೆ. ಆಮೇಲೆ ದೊಡ್ಡವರು 'ನಮ್ಮ ಕಾಲದಲ್ಲಿ' ಅಂತ ಇಳಿದರು. ಅಪ್ಪಂದಿರು ಆಡಿದ್ದೇ ಹೆಚ್ಚು. ಒಬ್ಬರಿಗೆ ಮಂಡಿ ಉಳುಕಿತು. ಹನ್ನೆರಡೂವರೆಗೆ ಮಕ್ಕಳೆಲ್ಲ ಸರ್ಟಿಫಿಕೇಟು ಹಿಡಿದು ಫೋಟೋ ತೆಗೆಸಿಕೊಂಡು, ಲಿಫ್ಟಿನಲ್ಲಿಯೇ ಮೊಬೈಲು ತೆಗೆದು ಮೇಲೆ ಹೋದರು.

ಎರಡನೇ ಮಹಡಿಯ ನಮ್ಮ ಹುಡುಗ ಕೆಳಗೆ ಬರಲೇ ಇಲ್ಲ.

ನೀರಿಲ್ಲ, ಕರೆಂಟಿಲ್ಲ

ಆ ಬೇಸಿಗೆ ಬೆಂಗಳೂರಿನವರು ಯಾರೂ ಮರೆಯುವ ಹಾಗಿಲ್ಲ. ಬೋರುಗಳು ಬತ್ತಿದವು, ಟ್ಯಾಂಕರಿಗೆ ಕ್ಯೂ. ಮಾರ್ಚಿನಲ್ಲೇ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ತುಂಬಬಾರದು, ಕಾರು ತೊಳೆಯಬಾರದು, ತಪ್ಪಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ನಮ್ಮ ಪುಟ್ಟ ಕೊಳಕ್ಕೂ ಬೀಗ ಬಿತ್ತು. ಏಪ್ರಿಲಿನಲ್ಲಿ 38 ಡಿಗ್ರಿ ದಾಟಿದ ದಿನಗಳಿದ್ದವು. ಮಕ್ಕಳಿಗೆ ರಜೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ (ಕಾರ್ಯದರ್ಶಿಯ ತಪ್ಪು, ದಾಖಲಾಗಲಿ). ಮೂರನೇ ಮಹಡಿಯ ಅಜ್ಜಿ ಅಷ್ಟರಲ್ಲಿ ಕೆಳಗಿದ್ದರು. ಲಿಫ್ಟ್ ನಿಂತಿತ್ತು, ಮೆಟ್ಟಿಲು ಹತ್ತಲು ಮಂಡಿ ಬಿಡದು. ತಿಪಟೂರು ಕಡೆಯವರು, ಎಂಬತ್ತರ ಹತ್ತಿರ. ಸ್ಟಿಲ್ಟಿನಲ್ಲಿ ತಣ್ಣಗಿತ್ತು. ಯಾರದೋ ಕಾರು ಇಲ್ಲದ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ವಾಚ್‌ಮ್ಯಾನ್ ಮಗಳು, ಹನ್ನೊಂದು ವರ್ಷದವಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದಳು. ಯಾದಗಿರಿ ಕಡೆಯ ಕುಟುಂಬ, ಪಂಪ್‌ರೂಮಿನ ಪಕ್ಕದ ಕೋಣೆಯಲ್ಲಿ ವಾಸ.

'ಏನೇ ಅದು, ಚೌಕಾಬಾರ ಮನೆನಾ?'

'ಚಕ್ಕಾರಿ ಅಜ್ಜಿ. ನಮ್ ಕಡಿ ಚಕ್ಕಾ ಅಂತೀವ್ರಿ.'

ಐದು ಅಡ್ಡ, ಐದು ಉದ್ದ, 25 ಮನೆ. ನಾಲ್ಕು ಬದಿಯ ನಡುವಿನ ಮನೆಗೂ ಒಳಗಿನ ನಟ್ಟನಡು ಮನೆಗೂ ಗೀಟು ಹಾಕಿದರೆ ಅವು ಕಟ್ಟೆ, ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಹುಡುಗಿಯ ಹತ್ತಿರ ಕವಡೆ ಇರಲಿಲ್ಲ. ಹುಣಸೆಬೀಜವನ್ನು ಸಿಮೆಂಟು ನೆಲಕ್ಕೆ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ತೇಯ್ದು ನಾಲ್ಕು ಮಾಡಿಟ್ಟುಕೊಂಡಿದ್ದಳು. ಬಿಳಿ ಎಷ್ಟು ಮೇಲೆ ಬಿದ್ದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕರಿಯಾದರೆ ಎಂಟು, ಅದು ಬಾರ. ಚೌಕ ಬಿದ್ದರೂ ಬಾರ ಬಿದ್ದರೂ ಇನ್ನೊಂದು ಸಲ ಹಾಕಬಹುದು. ಬಿದ್ದ ಗರದಷ್ಟು ಮನೆ ಕಾಯಿ ನಡೆಸಿ, ಹೊರಸುತ್ತು ಮುಗಿಸಿ, ಒಳಸುತ್ತಿಗೆ ಹೋಗಿ, ನಡುಮನೆ ಸೇರಿಸಿದರೆ ಆ ಕಾಯಿ ಹಣ್ಣು.

ಆಟ ಶುರುವಾದ ಕಾಲು ಗಂಟೆಗೆ ತಕರಾರು. ಎದುರಿನವರ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವುದು ಅಜ್ಜಿಯ ಕಾನೂನು. 'ಹಂಗೇನಿಲ್ರಿ ಅಜ್ಜಿ, ನಮ್ಮೂರಾಗ ಸೀದಾ ಒಳಗ ಹೋಗ್ತಾರ್ರಿ' ಅಂದಳು ಹುಡುಗಿ. ಅದಕ್ಕೆ ಬದಲಾಗಿ ಅವಳ ಊರಿನದು ಇನ್ನೊಂದು ಕಾನೂನು: ಮೂರು ಸಲ ಒಂದರ ಹಿಂದೆ ಒಂದು ಚೌಕ ಬಿದ್ದರೆ ಮೂರೂ ಸುಟ್ಟುಹೋದ ಹಾಗೆ. ಇದು ಅಜ್ಜಿಗೆ ಮಹಾ ಅನ್ಯಾಯ. 'ಬಿದ್ದ ಗರ ಸುಡೋದು ಅಂದ್ರೇನೇ? ದೇವರು ಕೊಟ್ಟಿದ್ದನ್ನ!' ಈ ವ್ಯಾಜ್ಯ ನಡೆಯುವಾಗಲೇ ಜನರೇಟರ್ ಯಾಕೆ ಬರಲಿಲ್ಲ ಅಂತ ನೋಡಲು ನಮ್ಮ ಹುಡುಗ ಕೆಳಗೆ ಬಂದ. ವೈಫೈ ಇಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ಕಂಬಕ್ಕೆ ಒರಗಿ ನಿಂತ.

ಅವನ ಬಾಯಿಂದ ಬಂದ ಮೊದಲ ಮಾತು ನನಗೆ ಇನ್ನೂ ನೆನಪಿದೆ. 'ಅಜ್ಜಿ, ಚೌಕದ ಡ್ರಾಪ್ ರೇಟ್ ಎಷ್ಟು?'

16ರಲ್ಲಿ ಒಂದು

ಡ್ರಾಪ್ ರೇಟ್ ಅಂದರೆ ಆಟದೊಳಗಿನ ಪೆಟ್ಟಿಗೆ ಒಡೆದಾಗ ಅಪರೂಪದ ವಸ್ತು ಸಿಗುವ ಸಾಧ್ಯತೆ. ಇಂಥ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಆಟಗಳು ಅದರ ಪ್ರಮಾಣವನ್ನು ಮೊದಲೇ ತಿಳಿಸಬೇಕು ಅಂತ ಆಪಲ್ 2017ರ ಕೊನೆಯಲ್ಲಿ ತನ್ನ ಆ್ಯಪ್ ಸ್ಟೋರಿಗೆ ನಿಯಮ ಮಾಡಿತು. ಅಜ್ಜಿಗೆ ಇದೇನೂ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದರು. ನಾಲ್ಕು ಬೀಜ, ಒಂದೊಂದಕ್ಕೆ ಎರಡು ಮಗ್ಗುಲು, ಒಟ್ಟು 16 ಬಗೆ. ಚೌಕ 16ರಲ್ಲಿ ಒಂದು, ಬಾರ 16ರಲ್ಲಿ ಒಂದು. ಒಂದು ಬೀಳುವುದು ನಾಲ್ಕು, ಮೂರು ಬೀಳುವುದು ನಾಲ್ಕು, ಎರಡು ಬೀಳುವುದು ಆರು. ಸರಾಸರಿ ಗರ ಎರಡೂವರೆ. ಹೊರಸುತ್ತಿನಲ್ಲಿ 15 ಹೆಜ್ಜೆ, ಒಳಸುತ್ತಿನಲ್ಲಿ ಎಂಟು, ನಡುಮನೆಗೆ ಒಂದು, ಒಟ್ಟು 24 ಹೆಜ್ಜೆಗೆ ಕಾಯಿ ಹಣ್ಣು. ಅಂದರೆ ಯಾರೂ ಹೊಡೆಯದಿದ್ದರೆ ಒಂದು ಕಾಯಿಗೆ ಸುಮಾರು ಹತ್ತು ಗರ. ಸೀಮೆಸುಣ್ಣದಲ್ಲಿ ಕಂಬದ ಮೇಲೇ ಬರೆದು ತೋರಿಸಿದೆ. ಶಾಲೆಯಲ್ಲಿ ಇಷ್ಟು ಗಮನ ಕೊಟ್ಟು ಯಾರೂ ಕೇಳಿದ್ದು ನೆನಪಿಲ್ಲ.

ಮಾರನೇ ದಿನ ಅಜ್ಜಿ ತಮ್ಮ ಹಳೆಯ ಕವಡೆ ತಂದರು, ಬೆನ್ನು ಸವೆದು ನಯವಾದವು. ಹುಡುಗ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಹೊಸ ಕವಡೆ ತಂದ. ಮಕ್ಕಳು ಎರಡನ್ನೂ ನೂರು ನೂರು ಸಲ ಹಾಕಿ ಬರೆದುಕೊಂಡರು. ನನ್ನ 16ರ ಲೆಕ್ಕಕ್ಕೆ ಎರಡೂ ಹೊಂದಲಿಲ್ಲ, ಒಂದಕ್ಕೊಂದೂ ಹೊಂದಲಿಲ್ಲ. ಕವಡೆ ನಾಣ್ಯವಲ್ಲ, ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅಜ್ಜಿಯದರಲ್ಲಿ ಬಾರ ಧಾರಾಳ. ಹುಡುಗನ ತೀರ್ಮಾನ: 'ಅಜ್ಜಿ ಹ್ಯಾಕ್ ಮಾಡಿದ್ದಾರೆ.' ಅಜ್ಜಿ ಅಂದು ಇಡೀ ದಿನ ಎಲ್ಲರಿಗೂ ಆ ಮಾತು ಹೇಳಿಕೊಂಡು ನಕ್ಕರು.

ಅಜ್ಜಿಯೇನೂ ಮೊಬೈಲು ಮುಟ್ಟದವರಲ್ಲ. ಲಾಕ್‌ಡೌನಿನಲ್ಲಿ ಹೊರದೇಶದ ಮಗಳ ಜೊತೆ ಲೂಡೋ ಕಿಂಗ್ ಆಡಿದವರು. ನಮ್ಮ ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ, 19ನೇ ಶತಮಾನದ ಕೊನೆಗೆ ಲೂಡೋ ಆಗಿ, 2016ರಲ್ಲಿ ಮುಂಬೈಯ ಕಂಪನಿಯೊಂದರ ಆ್ಯಪ್ ಆಗಿ, ತಿಪಟೂರಿನ ಅಜ್ಜಿಯ ಕೈಗೆ ವಾಪಸು ಬಂದದ್ದು ಒಂದು ಚೆಂದದ ಪ್ರದಕ್ಷಿಣೆ. ಯಾಕೆ ಬಿಟ್ಟಿರಿ ಅಂತ ಕೇಳಿದೆ. 'ದಾಳಾನೂ ಅದೇ ಹಾಕತ್ತೆ, ಕಾಯಿನೂ ಅದೇ ನಡಸತ್ತೆ. ನಾನ್ಯಾಕಪ್ಪಾ ಕೂತ್ಕೊಂಡಿರ್ಬೇಕು?'

ಇನ್ನು ಶೀರ್ಷಿಕೆಯ ಸಂಗತಿ. ನಾಲ್ಕನೆಯದೋ ಐದನೆಯದೋ ದಿನ, ಆರೇಳು ಮಕ್ಕಳು ಸೇರಿದ್ದರು. ಮೊದಲ ಮಹಡಿಯ ಹುಡುಗಿಗೆ ಗೆಲ್ಲಲು ಚೌಕ ಬೇಕು. ಹಾಕಿದಳು. ಮೂರು ಕವಡೆ ಬಾಯಿ ಮೇಲೆ. ನಾಲ್ಕನೆಯದು ಉರುಳಿಹೋಗಿ ಕಂಬದ ಬುಡಕ್ಕೆ ಒರಗಿ ಅಡ್ಡ ನಿಂತುಬಿಟ್ಟಿತು, ಬಾಯಿ ಮೇಲೂ ಅಲ್ಲ, ಕೆಳಗೂ ಅಲ್ಲ.

ಆಮೇಲೆ ಅರ್ಧ ಗಂಟೆ ಆಟ ನಡೆಯಲಿಲ್ಲ, ಮಾತು ನಡೆಯಿತು. ಬಾಯಿ ಕಾಣಿಸುತ್ತಿದೆ, ಆದ್ದರಿಂದ ಚೌಕ. ಕೂತು ನೋಡಿದರೆ ಕಾಣುತ್ತದೆ, ನಿಂತು ನೋಡಿದರೆ ಇಲ್ಲ, ಆದ್ದರಿಂದ ಮೂರು. ಕಂಬ ತೆಗೆದರೆ ಯಾವ ಕಡೆ ಬೀಳುತ್ತಿತ್ತು? ನಾಲ್ಕು ಮಹಡಿ ಹೊತ್ತ ಕಂಬ ತೆಗೆಯುವುದು ಹೇಗೆ? ಅಜ್ಜಿ ಮತ್ತೆ ಹಾಕು ಅಂದರು. ವಾಚ್‌ಮ್ಯಾನ್ ಮಗಳು ಹಾಗೆ ಹಾಕುವುದಿದ್ದರೆ ಒಂದೇ ಕವಡೆ ಹಾಕಲಿ, ನಾಲ್ಕೂ ಬೇಡ ಅಂದಳು. ನಾನು ಲಿಫ್ಟಿನ ಹತ್ತಿರ ನಿಂತಿದ್ದೆ. ಬಾಯಿ ಹಾಕಲು ಹೋದವನು ಮಜ್ಜಿಗೆ ಹಂಚಿದ ಭಾನುವಾರ ನೆನಪಾಗಿ ಸುಮ್ಮನಾದೆ. ಕೊನೆಗೆ ಯಾದಗಿರಿಯ ಹುಡುಗಿಯ ಮಾತೇ ನಿಂತಿತು. ಒಂದೇ ಕವಡೆ ಹಾಕಿದರು, ಬೋರಲು ಬಿತ್ತು, ಮೂರು. ಸೋತ ಹುಡುಗಿ ಅತ್ತಳು, ಮೇಲೆ ಹೋದಳು, ಸಂಜೆ ವಾಪಸು ಬಂದಳು.

ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಂಡದ್ದು ಈ ಅರ್ಧ ಗಂಟೆ. ಮೊಬೈಲಿನ ಆಟದಲ್ಲಿ ಕವಡೆ ಅಡ್ಡ ನಿಲ್ಲುವುದಿಲ್ಲ. ಗುಂಡು ತಾಗಿತೋ ಇಲ್ಲವೋ ಅನ್ನುವುದನ್ನು ಎಲ್ಲೋ ಇರುವ ಸರ್ವರ್ ತೀರ್ಮಾನಿಸುತ್ತದೆ, ಅದಕ್ಕೆ ಮೇಲ್ಮನವಿ ಇಲ್ಲ. ಹುಡುಗರು ಅಲ್ಲಿಯೂ ಕಿರುಚಾಡುತ್ತಾರೆ, ಆದರೆ ಕಿರುಚಿ ಕಾನೂನು ಬದಲಿಸಲಾರರು. ಮೂರನೇ ಮಹಡಿಯ ಸಾಫ್ಟ್‌ವೇರ್ ದಂಪತಿ ತಮ್ಮ ಕಟಾನ್ ಹಾಸನ್ನು ಒಂದು ಸಂಜೆ ತಂದರು. ಜರ್ಮನಿಯಲ್ಲಿ 1995ರಲ್ಲಿ ಬಂದ, ಈಗ ಕೋರಮಂಗಲ, ಇಂದಿರಾನಗರದವರ ಮನೆಗಳಲ್ಲೂ ಕಾಣುವ ಆಟ. ಒಳ್ಳೆಯ ಆಟ, ಮಕ್ಕಳಿಗೂ ಹಿಡಿಸಿತು. ಆದರೆ ತಕರಾರು ಬಂದಾಗಲೆಲ್ಲ ನಮ್ಮ ಹುಡುಗ, 'ಬುಕ್ ನೋಡೋಣ' ಅಂತ ಪುಸ್ತಕ ತೆಗೆದ, ಉತ್ತರ ಅಲ್ಲಿತ್ತು, ಮಾತು ಮುಗಿಯಿತು. ಚೌಕಾಬಾರಕ್ಕೆ ಪುಸ್ತಕವಿಲ್ಲ. ತಿಪಟೂರಿಗೂ ಯಾದಗಿರಿಗೂ ಒಂದೇ ಕಾನೂನಿಲ್ಲ. ಮಕ್ಕಳಿಗೆ ಸಿಕ್ಕ ಹೊಸ ಆಟಿಕೆ ಅದೇ ಅಂತ ನನ್ನ ಗುಮಾನಿ.

ಪುಸ್ತಕ ಇಲ್ಲದ್ದನ್ನು ಹುಡುಗನೇ ಸರಿಮಾಡಿದ. ನಾನು ಹಂಚಿದ್ದ ಮೇಂಟೆನೆನ್ಸ್ ಸುತ್ತೋಲೆಯ ಹಿಂಬದಿಯಲ್ಲಿ 'ಚೌಕಾಬಾರ ಪ್ಯಾಚ್ ನೋಟ್ಸ್' (ಆಟದ ತಿದ್ದುಪಡಿಗಳ ಪಟ್ಟಿ) ಅಂತ ಬರೆದು ಕಂಬಕ್ಕೆ ಅಂಟಿಸಿದ. 'ವರ್ಷನ್ 1.1: ಅಡ್ಡ ನಿಂತ ಕವಡೆ ಒಂದನ್ನೇ ಮತ್ತೆ ಹಾಕಬೇಕು. ವರ್ಷನ್ 1.2: ಕವಡೆ ಗಾಡಿ ಕೆಳಗೆ ಹೋದರೆ ಗರ ಇಲ್ಲ. ವರ್ಷನ್ 1.3: ಮೂರು ಚೌಕ ಸುಡುತ್ತದೆ, ಅಜ್ಜಿಗೆ ಬಿಟ್ಟು.' ಅಜ್ಜಿಯ ಕವಡೆಯನ್ನು ಅಜ್ಜಿಯೂ ಬಳಸುವಂತಿಲ್ಲ ಅಂತ 1.4ರಲ್ಲಿ ಬಂತು. ಅಜ್ಜಿ ಎರಡು ದಿನ ಮುನಿಸಿಕೊಂಡಿದ್ದರು. ಆಟಕ್ಕೂ ವರ್ಷನ್ ಇರುತ್ತದೆ, ಕೆಟ್ಟ ನಿಯಮವನ್ನು ಮುಂದಿನ ಸಲ ತಿದ್ದಬಹುದು ಅನ್ನುವ ಈ ಬುದ್ಧಿ ಅವನಿಗೆ ಬಿಜಿಎಂಐಯಿಂದಲೇ ಬಂದದ್ದು. ಹಳೆಯದಕ್ಕೂ ಹೊಸದಕ್ಕೂ ಜಗಳ ಹಚ್ಚಿ ಭಾಷಣ ಮಾಡಿದ್ದ ನಾನು ಆ ಕಾಗದವನ್ನು ಎರಡೆರಡು ಸಲ ಓದಿದೆ.

ದೂರು

ಚೌಕಾಬಾರದಿಂದ ಲಗೋರಿಗೆ ಬರಲು ಹತ್ತು ದಿನ ಸಾಕಾಯಿತು. ಪ್ಲಾಸ್ಟಿಕ್ ಸೆಟ್ಟು ಯಾರಿಗೂ ಬೇಡವಾಗಿತ್ತು, ಚೆಂಡು ತಾಗುವ ಮೊದಲೇ ಗಾಳಿಗೆ ಬೀಳುತ್ತಿತ್ತು. ಯಾರದೋ ಮನೆಯ ನವೀಕರಣದಲ್ಲಿ ಉಳಿದ ಗ್ರಾನೈಟ್ ಚೂರು ಏಳು ಆರಿಸಿಕೊಂಡರು. ಚೆಂಡು ಮೊದಲು ರಬ್ಬರಿನದು, ಅದು ಒಂದು ಕಾರಿನ ಬಾಗಿಲಿಗೆ ಬಿತ್ತು. ಕಾರಿನವರು ಸಂಘಕ್ಕೆ ಲಿಖಿತ ದೂರು ಕೊಟ್ಟರು. ಬಾಗಿಲು ತಗ್ಗಾಗಿತ್ತೋ ಇಲ್ಲವೋ, ನನಗಂತೂ ಕಾಣಲಿಲ್ಲ.

ನಾನು ಏನು ಮಾಡಿದೆ? 'ಪಾರ್ಕಿಂಗ್ ಜಾಗದಲ್ಲಿ ಆಟ ನಿಷೇಧ' ಅಂತ ಸುತ್ತೋಲೆ ಹೊರಡಿಸಿದೆ. ಮೂರು ವಾರದ ಹಿಂದೆ ಮೈಕು ಹಿಡಿದು ಮಕ್ಕಳನ್ನು ಹೊರಗೆ ಕರೆದವನೇ. ಮಕ್ಕಳು ಪಕ್ಕದ ಪಾರ್ಕಿಗೆ ಹೋದರು. ಅಲ್ಲಿ 'ಚೆಂಡಾಟ ಆಡಬಾರದು' ಅಂತ ಬೋರ್ಡು, ವಾಕಿಂಗ್ ಮಾಡುವ ಹಿರಿಯರ ಗದರಿಕೆ. ನಗರದ ಬಯಲು, ಆಟದ ಮೈದಾನ ಉಳಿಸಲು 1985ರಲ್ಲೇ ರಾಜ್ಯ ಕಾಯ್ದೆ ಮಾಡಿದೆ, ಸರಿ. ಆದರೆ ನಮ್ಮಿಂದ ಹತ್ತು ನಿಮಿಷದ ನಡಿಗೆಯಲ್ಲಿ ಏಳು ಕಲ್ಲು ಜೋಡಿಸಿ ಓಡುವಷ್ಟು ಜಾಗ ಇರಲಿಲ್ಲ. ಮಕ್ಕಳು ವಾಪಸು ಬಂದು ಮೇಲೆ ಹೋದರು. ಎರಡು ದಿನ ಸ್ಟಿಲ್ಟು ತಣ್ಣಗಿತ್ತು. ಮೂರನೇ ರಾತ್ರಿ ಒಂಬತ್ತಕ್ಕೆ ಎರಡನೇ ಮಹಡಿಯ ಬಾಗಿಲು ಮತ್ತೆ ಬಡಿಯಿತು.

ಕಮಿಟಿ ಮೀಟಿಂಗಿನಲ್ಲಿ ಇದು ಬಂತು. ಒಬ್ಬರು ಗದ್ದಲದ ಬಗ್ಗೆ ಹೇಳಿದರು, ನ್ಯಾಯವೇ. ಇನ್ನೊಬ್ಬರು ಸುತ್ತಿಬಳಸಿ, 'ಸ್ಟಾಫ್ ಮಕ್ಕಳು ನಮ್ಮ ಮಕ್ಕಳ ಜೊತೆ ಬೆರೆತು ಭಾಷೆ ಕೆಡ್ತಿದೆ' ಅಂದರು. ಆ ಮಾತಿಗೆ ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಉತ್ತರ ಕೊಟ್ಟವರು ಅಜ್ಜಿ. 'ಆ ಮಗು ಬರ್ದೇ ಹೋಗಿದ್ರೆ ನಿಮ್ಮ ಮಕ್ಳಿಗೆ ಮನೆ ಗೀಚೋಕೆ ಯಾರು ಹೇಳ್ಕೊಡ್ತಿದ್ರು, ನೀವಾ?' ನಾನು ಹೇಳಬೇಕಾಗಿದ್ದ ಮಾತು. ಹೇಳಲಿಲ್ಲ.

ಇನ್ನೊಂದು ಸಂಗತಿ. ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಅತಿ ಜೋರಾಗಿ ಮಾತಾಡಿದವರ ಫೋನಿನಲ್ಲಿ ಆಗ ಐಪಿಎಲ್ಲಿಗೆ ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆ್ಯಪ್ ತೆರೆದೇ ಇತ್ತು. ಅಂಥ ಹಣದಾಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು, ಆ ಮಾತು ಬೇರೆ.

ಕೊನೆಗೆ ತೀರ್ಮಾನವಾದದ್ದು ಇಷ್ಟು: ಸಂಜೆ ಐದರಿಂದ ಆರು ಮುಕ್ಕಾಲು, ವಿಸಿಟರ್ಸ್ ಪಾರ್ಕಿಂಗಿನ ಮೂರು ಜಾಗ ಮತ್ತು ಅದರ ಮುಂದಿನ ಬಯಲು ಡ್ರೈವ್‌ವೇ ಮಕ್ಕಳದು. ಚೆಂಡು ಬಟ್ಟೆಯದು. ಹಳೆಯ ಕಾಲುಚೀಲದೊಳಗೆ ಚಿಂದಿ ತುರುಕಿ ಹೊಲಿದ ಚೆಂಡು ಅಜ್ಜಿಯ ಕೊಡುಗೆ. ಬೆನ್ನಿಗೆ ಬಿದ್ದರೂ ನೋಯುವುದಿಲ್ಲ, ಕಾರಿಗೂ ನೋಯುವುದಿಲ್ಲ.

ಕಣ್ಣಿಗೆ ಒಳ್ಳೆಯದು ಅಂತ ಒಬ್ಬ ತಾಯಿ ಗುಂಪಿನಲ್ಲಿ ಬರೆದರು. ಅರ್ಧ ಸರಿ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಸಮೀಪದೃಷ್ಟಿ ಬಂದವರು ಆ ಗುಂಪಿನಲ್ಲಿ ಶೇ. 30.4, ಮಾಮೂಲಿನಂತೆ ಇದ್ದ ಗುಂಪಿನಲ್ಲಿ ಶೇ. 39.5. 2015ರಲ್ಲಿ ಪ್ರಕಟವಾದ ಲೆಕ್ಕ. ಆದರೆ ಇಂಥ ಅಧ್ಯಯನಗಳಲ್ಲಿ ಕೆಲಸ ಮಾಡುವುದು ಹಗಲ ಬಯಲಿನ ಬೆಳಕು ಅನ್ನುತ್ತಾರೆ. ಸ್ಟಿಲ್ಟಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಕವಡೆ ಹಾಕಿದರೆ ಕಣ್ಣಿಗೆ ಏನೂ ಲಾಭವಿಲ್ಲ. ಲಗೋರಿಗೆ ಇರಬಹುದು.

ಆಮೇಲೆ

ಮೇ 18ರ ರಾತ್ರಿ ಆರ್‌ಸಿಬಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋದಾಗ ಕಾಯಿಗಳೆಲ್ಲ ಹಾಗೆಯೇ ಮನೆಯಲ್ಲಿ ಕೂತಿದ್ದವು, ಮಕ್ಕಳು ಟಿವಿ ಮುಂದೆ. ಬೆಳಿಗ್ಗೆ ಬಂದು ಅಲ್ಲಿಂದಲೇ ಮುಂದುವರಿಸಿದರು. ಒಂದು ಕಾಯಿ ಮಾತ್ರ ಕಸ ಗುಡಿಸುವಾಗ ಹೋಗಿತ್ತು, ಅದಕ್ಕೂ ಒಂದು ವರ್ಷನ್ ಬಂತು. ನಡುವೆ ಎದ್ದು ಹೋಗಬಹುದಾದ ಆಟ ಅನ್ನುವುದನ್ನು ಹುಡುಗನ ಅಮ್ಮನೇ ಮೊದಲು ಗುರುತಿಸಿದ್ದು. ಊಟಕ್ಕೆ ಕರೆದರೆ ಎದ್ದು ಬರುತ್ತಾನೆ ಮೇಷ್ಟ್ರೇ ಅಂದರು.

ಇದರಿಂದ ಅವನು ಬಿಜಿಎಂಐ ಬಿಟ್ಟ ಅಂದುಕೊಂಡರೆ ತಪ್ಪು. ಬಿಡಲಿಲ್ಲ. ಬದಲಾದದ್ದು ಮನೆಯ ಒಂದು ನಿಯಮ: ಎಂಟೂ ಕಾಲರ ಮೇಲೆ ಹೊಸ ಮ್ಯಾಚ್ ಶುರುಮಾಡುವಂತಿಲ್ಲ, ಶುರುವಾದ ಮ್ಯಾಚನ್ನು ಅಮ್ಮ ನಡುವೆ ಕಡಿಯುವಂತಿಲ್ಲ. ಇದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದವನೂ ಅವನೇ, ವರ್ಷನ್ 1.0. ಈಗ ಜಗಳ ಇಲ್ಲವೇ ಇಲ್ಲ ಅಂತಲ್ಲ, ಎರಡನೇ ಮಹಡಿಯಲ್ಲೇ ನಿಲ್ಲುತ್ತದೆ.

ಮೇ ಕೊನೆಗೆ ಶಾಲೆ ತೆರೆಯಿತು, ಮಳೆ ಬಂತು, ಟ್ಯೂಷನ್ನು ಶುರುವಾಯಿತು. ಜುಲೈ ಹೊತ್ತಿಗೆ ಲಗೋರಿ ಸತ್ತಿತ್ತು. ಗ್ರಾನೈಟ್ ಚೂರುಗಳಲ್ಲಿ ಎರಡು ಯಾರದೋ ತುಳಸಿ ಕುಂಡದ ಕೆಳಗೆ ಸೇರಿದವು. ಚೌಕಾಬಾರ ಭಾನುವಾರಕ್ಕೆ ಇಳಿಯಿತು, ಆದರೆ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಸೆಕ್ಯುರಿಟಿ ಏಜೆನ್ಸಿ ಬದಲಾಯಿತು. ಬದಲಿಸಿದ್ದು ಕಮಿಟಿ, ಸಹಿ ನನ್ನದು, ಕಾರಣ ದುಡ್ಡು. ವಾಚ್‌ಮ್ಯಾನ್ ಕುಟುಂಬ ಬೇರೆ ಕಡೆ ಹೋಯಿತು. ಹೋಗುವ ದಿನ ಆ ಹುಡುಗಿ ಹುಣಸೆಬೀಜ ನಾಲ್ಕನ್ನೂ ಅಜ್ಜಿಗೆ ಕೊಟ್ಟಳು, ಅಜ್ಜಿ ತಮ್ಮ 'ಹ್ಯಾಕ್' ಮಾಡಿದ ಕವಡೆಯನ್ನು ಅವಳಿಗೆ ಕೊಟ್ಟರು. ಆ ಸಹಿ ಹಾಕುವಾಗ ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಕಮಿಟಿಯಲ್ಲಿ ಹೊಸ ಪ್ರಸ್ತಾವ ಬಂತು: ಚೌಕಾಬಾರದ ಮನೆಯನ್ನು ನೆಲದ ಮೇಲೆ ಕಾಯಂ ಆಗಿ ಎನಾಮಲ್ ಪೇಂಟಿನಲ್ಲಿ ಬರೆಸುವುದು, ಪಕ್ಕದಲ್ಲಿ ಆಟದ ನಿಯಮಗಳ ಬೋರ್ಡು, ಕೆಳಗೆ ಸಂಘದ ಹೆಸರು. ಎಲ್ಲರಿಗೂ ಒಪ್ಪಿಗೆ. ಮಕ್ಕಳನ್ನೂ ಒಂದು ಮಾತು ಕೇಳೋಣ ಅಂತ ನಾನೇ ಅಂದೆ. ಹುಡುಗ ಬಂದ, ದನಿ ಒಡೆದಿತ್ತು, ಮೀಸೆ ಚಿಗುರಿತ್ತು. 'ಪೇಂಟ್ ಬೇಡ ಸರ್. ಈ ಸಲ ಏಳು ಇಂಟು ಏಳು ಮಾಡ್ತಿದ್ದೀವಿ. ನಿಯಮಾನೂ ಇನ್ನೂ ಫೈನಲ್ ಆಗಿಲ್ಲ' ಅಂದ.

ನಡಾವಳಿಯಲ್ಲಿ ಹೀಗಿದೆ: ವಿಷಯ 6, ಕೈಬಿಡಲಾಯಿತು. ಸೀಮೆಸುಣ್ಣ ಒಂದು ಡಬ್ಬಿಗೆ ಹಣ ಮಂಜೂರು.